ಶಾಸನ ಓದೋಕ್ ಹೋದೋನು ನಿಧಿಗಳ್ಳನಾ?

ಇಲ್ಲ, ನನಗೆ ಇನ್ನೂ ಮೈ ಉರೀತಿದೆ. ಒಂದೂರಲ್ಲಿ ವೀರಗಲ್ಲಿನ (ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನಿಲ್ಸಿದ ಕಲ್ಲು) ಮೇಲಿನ ಶಾಸನ ಓದೋಕ್ ಹೋಗಿದ್ದೆ, ಅಲ್ಲಿನ ಯಜಮಾನ ಅಷ್ಟು ಜನರ ಮುಂದೆ "ಬ್ಯಾಗ್ ಬಿಚ್ಚಿ ತೋರ್ಸು" ಅಂದ್ನಲ್ಲ! ಏನಿತ್ತು ಅದ್ರಲ್ಲಿ, ಒಂದು ಬ್ರಷ್ಷು, ನೀರಿನ ಬಾಟ್ಲು, ಮೈದಾ ಹಿಟ್ಟಿನ ಪೊಟ್ಟಣ. ಮೈದಾ ಕಂಡಿದ್ದೇ ತಡ "ನೋಡ್ರೋ, ಪೂಜೆ ಮಾಡೋಕ್ ತಂದವ್ನೆ, ನಿಧಿ ತೆಗೆಯೋಕೇ ಬಂದಿರೋದು" ಅಂತ ಶುರು ಹಚ್ಕೊಂಡ. ಅಣ್ಣಾ, ಅಕ್ಷರ ಸವೆದಿದೆ, ಹಿಟ್ಟು ಸವರಿದ್ರೆ ಗೀರೊಳಗೆ ಕೂತು ಎದ್ದು ಕಾಣತ್ತೆ, ಆಮೇಲೆ ತೊಳೆದು ಹೋಗ್ತೀನಿ ಅಂತ ಬಡ್ಕೊಂಡೆ, ಕೇಳೋರ್ಯಾರು? ಫೋನ್ ಕಿತ್ಕೊಂಡು ಫೋಟೋ ಎಲ್ಲಾ ಡಿಲೀಟ್ ಮಾಡಿದ್ರು. ಅಷ್ಟಕ್ಕೂ ಬಿಡಲಿಲ್ಲ, ಒಬ್ಬ ಮರಿ ಬುದ್ಧಿವಂತ "ಟ್ರ್ಯಾಶಲ್ಲೂ ಇರತ್ತೆ ನೋಡಣ್ಣ" ಅಂದ, ಅಲ್ಲಿಂದಾನೂ ತೆಗೆಸಿದ್ರು. ತಲೆ ನರೆತಿರೋ ನಾನು ಕೈಕಟ್ಟಿ ನಿಂತ್ಕೊಂಡು "ಸಾರಿ ಅಣ್ಣ" ಅಂದೆ. ಯಾಕ್ರೀ ಅಂದೆ?

ಅದೇ ವೀರಗಲ್ಲಿಗೆ ಇವ್ರು ಏನ್ ಮಾಡಿದಾರೆ ಗೊತ್ತಾ? ಕೆಳಗಿನ ಹಂತದ ಕಾಳಗ ಪೂರ್ತಿ ಕಾಂಕ್ರೀಟಲ್ಲಿ ಹೂತೋಗಿದೆ. ವೀರನ್ನ ಸ್ವರ್ಗಕ್ಕೆ ಕರ್ಕೊಂಡು ಹೋಗೋ ಅಪ್ಸರೆಯರಿಗೆ ಹಸಿರು ಆಯಿಲ್ ಪೇಂಟು, ಒಬ್ಬಳ ಮುಖದ ಮೇಲೇ ಕೇಬಲ್ ಕ್ಲಿಪ್ ಹೊಡೆದಿದಾರೆ. ಅದಕ್ಕೆ ಯಾವ ಪರ್ಮಿಷನ್ನೂ ಬೇಡ, ನಾನು ಹಿಟ್ಟು ಹಚ್ಚಿದ್ರೆ ಮಾತ್ರ ಊರಿನ ಆಸ್ತಿ!

ಹೋಗ್ಲಿ ಬಿಡಿ, ನಿಜವಾದ ಕಳ್ಳರು ಬಂದು ಕಲ್ಲು ಕಿತ್ತು ಗುಂಡಿ ತೋಡಿ ಹೋಗ್ತಾರೆ, ಜನಕ್ಕೂ ಭಯ ಇರತ್ತೆ. ಆದ್ರೆ ಬಿಡೋದ್ ಹೇಗ್ರೀ? ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯ ಅನ್ನೋ ವೀರನ ಕಲ್ಲು ಸುಮಾರು ಕ್ರಿ.ಶ. 750ರದ್ದು, 2018ರಲ್ಲಿ ಚರಂಡಿ ಅಗೆಯುವಾಗ ಕಣ್ಣಿಗೆ ಬಿತ್ತು, ಯಾರೋ ನಮ್ಮಂಥ ಹುಚ್ಚರು ಓಡಿ ಹೋಗಿದ್ದಕ್ಕೆ ಉಳೀತು. ಬೇಗೂರಲ್ಲಿ ಸುಮಾರು 890ರ ಕಲ್ಲಿದೆ, "ಬೆಂಗಳೂರ" ಕಾಳಗದಲ್ಲಿ ಸತ್ತವನದ್ದು, ಕೆಂಪೇಗೌಡರು ಪೇಟೆ ಕಟ್ಟಿಸೋದಕ್ಕಿಂತ ಆರು ಶತಮಾನಕ್ಕೂ ಹಿಂದಿಂದು. ಇಂಥವು ಮೋರಿ ಪಕ್ಕ ಇನ್ನೆಷ್ಟಿವೆಯೋ.

ನಾನೇನು ಇತಿಹಾಸದ ಮೇಷ್ಟ್ರಲ್ಲ. ಭಾನುವಾರ ಲೋಕ ಎಲ್ಲ ಹೊದ್ಕೊಂಡು ಮಲಗಿರುವಾಗ ಚರಂಡಿ ಪಕ್ಕ ಮಂಡಿಯೂರಿ ಕೂತು ತಲೆಕಟ್ಟಿಗೂ ದೀರ್ಘಕ್ಕೂ ಒದ್ದಾಡೋ ಗಿರಾಕಿ. "ಕಲ್ಲಲ್ಲಿರೋನು ನಿಮ್ ತಾತನಾ?" ಅಂತ ಮನೆಯವಳು ಕೇಳೋದ್ರಲ್ಲಿ ತಪ್ಪೇನಿದೆ. ಇನ್ಮೇಲೆ ಹೋಗಲ್ಲ, ಮುಗೀತು.

ದಾನಶಾಸನದ ಕೊನೇಲಿ ಇರತ್ತಲ್ಲ, ಇದನ್ನ ಹಾಳು ಮಾಡಿದೋನು ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪಕ್ಕೆ ಹೋಗ್ತಾನೆ, 60,000 ವರ್ಷ ಹೇಸಿಗೇಲಿ ಹುಳ ಆಗ್ತಾನೆ ಅಂತ. ಕೇಬಲ್ಲವನಿಗೂ ಅದು ತಗಲತ್ತಾ? ತಿಳಿದೋರು ಯಾರಾದ್ರೂ ಉತ್ತರ ಕೊಡಿ.

ಮತ್ತೆ ಆ ಕಲ್ಲಿನ ಹಳೇ ಫೋಟೋ ಯಾರ ಹತ್ರನಾದ್ರೂ ಇದ್ರೆ ದಯವಿಟ್ಟು ಕಳ್ಸಿ, ಯಾವೂರು ಅಂತ ಇನ್‌ಬಾಕ್ಸಲ್ಲಿ ಹೇಳ್ತೀನಿ. ಎರಡನೇ ಸಾಲು ಓದ್ತಿದ್ದೆ, ಸತ್ತೋನ ಹೆಸರು ಇನ್ನೇನು ಸಿಗೋದ್ರಲ್ಲಿತ್ತು.