ಈಜೋಕೆ ಒನ್ ಪೀಸ್, ಜಗಳಕ್ಕೆ ಬಿಕಿನಿ

ಈಜೋಕೆ ಅಂತ ಹೋಗೋದಾದರೆ ಬಿಕಿನಿ ಬಿಟ್ಟು ಒನ್ ಪೀಸ್, ಅಂದರೆ ಮೇಲಿಂದ ಕೆಳಗೆ ಒಂದೇ ತುಂಡಿನ ಈಜುಡುಗೆ ತಗೊಳ್ಳಿ. ಇದು ನನ್ನ ಅಭಿಪ್ರಾಯ. ಆದರೆ ಇಷ್ಟು ಹೇಳಿದ ಕೂಡಲೇ ಊರಿನ ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಒಬ್ಬರು "ಸಿಡ್ನಿಗೆ ಹೋದರೂ ನಮ್ಮ ಹುಡುಗಿ ಸಂಸ್ಕಾರ ಬಿಟ್ಟಿಲ್ಲ" ಅಂತ ಕೈಮುಗಿಯುವ ಚಿತ್ರ ಹಾಕುತ್ತಾರೆ. ಇಲ್ಲಿರುವ ಗೆಳತಿ "ನೀನಿನ್ನೂ ಅಲ್ಲೇ ಇದ್ದೀಯಲ್ಲೇ" ಅಂತ ಮೂಗು ಮುರಿಯುತ್ತಾಳೆ. ಇಬ್ಬರೂ ತಪ್ಪು ತಿಳಿದುಕೊಂಡಿದ್ದಾರೆ. ಮೈ ಎಷ್ಟು ಮುಚ್ಚುತ್ತೆ ಅನ್ನೋದರ ಬಗ್ಗೆ ನಾನು ಮಾತೇ ಎತ್ತಿಲ್ಲ. ನೀರಿಗಿಳಿದ ಮೇಲೆ ಬಟ್ಟೆ ಇದ್ದ ಕಡೆ ಇರುತ್ತಾ ಇಲ್ವಾ, ಅದಷ್ಟೇ ನನ್ನ ಪ್ರಶ್ನೆ.

ಈಜುಕೊಳದಲ್ಲಿ ಗೋಡೆಗೆ ಕಾಲು ಕೊಟ್ಟು ಜೋರಾಗಿ ಚಿಮ್ಮಿ ನೋಡಿ. ನೀರು ತಲೆಯ ಕಡೆಯಿಂದ ಕಾಲಿನ ಕಡೆಗೆ ಉಜ್ಜಿಕೊಂಡು ಹೋಗುತ್ತೆ. ಬಿಕಿನಿಯ ಸೊಂಟದ ಅಂಚಿಗೆ ಆ ನೀರು ನುಗ್ಗಿ ಚಡ್ಡಿಯನ್ನು ಕೆಳಗೆ ಜಾರಿಸುತ್ತೆ. ಒನ್ ಪೀಸಿನಲ್ಲಿ ಅದೇ ಎಳೆತ ಬಟ್ಟೆಯ ಉದ್ದಕ್ಕೂ ಹೋಗಿ ಭುಜದ ಪಟ್ಟಿಯ ಮೇಲೆ ಬೀಳುತ್ತೆ, ಭುಜ ಎಲ್ಲಿಗೂ ಜಾರೋದಿಲ್ಲವಲ್ಲ. ಕುತ್ತಿಗೆಗೆ ಗಂಟು ಹಾಕೋ ಟಾಪ್ ಆದರೆ ಇನ್ನೊಂದು ಕಾಟ, ಪ್ರತಿ ಸಲ ಕೈ ಬೀಸಿದಾಗಲೂ ಆ ದಾರ ಕುತ್ತಿಗೆಯ ಹಿಂದೆ ಜಗ್ಗುತ್ತೆ, ನಾಲ್ಕು ಲ್ಯಾಪ್ ಆಗೋಷ್ಟರಲ್ಲಿ ತಲೆನೋವು. ಇನ್ನು ಸಮುದ್ರ. ಇಲ್ಲಿನ ಬಾಂಡೈ ಬೀಚಿನಲ್ಲೋ ಮರೂಬ್ರಾ ಬೀಚಿನಲ್ಲೋ ದಡದ ಹತ್ತಿರ ಒಡೆಯುವ ಅಲೆ ನಿಮ್ಮನ್ನು ಎತ್ತಿ ಮರಳಿಗೆ ಕುಕ್ಕಿದಾಗ, ಎದ್ದು ನಿಂತವರ ಎರಡೂ ಕೈ ಮೊದಲು ಹೋಗೋದು ಬಟ್ಟೆಗೆ. ಕಣ್ಣೊರೆಸಿಕೊಂಡು ಹಿಂದೆ ಇನ್ನೊಂದು ಅಲೆ ಬರ್ತಾ ಇದೆಯಾ ಅಂತ ನೋಡೋದು ಆಮೇಲೆ. ಆ ಕ್ರಮ ಸರಿಯಿಲ್ಲ ಅನ್ನೋದು ಆ ಎರಡನೇ ಅಲೆ ಬಡಿದಾಗ ಗೊತ್ತಾಗುತ್ತೆ.

ಹಾಗಂತ ಎಲ್ಲ ಒನ್ ಪೀಸೂ ಈಜೋಕೆ ಬರೋದಿಲ್ಲ. ದಾರದಷ್ಟು ತೆಳು ಪಟ್ಟಿ, ಸೊಂಟದವರೆಗೆ ತೆರೆದ ಬೆನ್ನು ಇರೋದನ್ನು ತಗೊಂಡರೆ ಬಿಕಿನಿಗಿಂತ ಅದೇ ಜಾಸ್ತಿ ಜಾರುತ್ತೆ. ಎರಡೂ ಪಟ್ಟಿ ಬೆನ್ನಿನ ನಡುವೆ ಬಂದು ಕೂಡುವಂಥದ್ದು ನೋಡಿ ತಗೊಳ್ಳಿ. ಅಂಗಡಿಯಲ್ಲಿ ಹಾಕಿ ನೋಡಿದಾಗ ಸ್ವಲ್ಪ ಬಿಗಿ ಅನಿಸಬೇಕು, ನೀರಲ್ಲಿ ಬಟ್ಟೆ ಒಂಚೂರು ಸಡಿಲ ಆಗುತ್ತೆ. ದಿನಾ ಕ್ಲೋರಿನ್ ನೀರಿಗೆ ಇಳಿಯುವವರು ಲೈಕ್ರಾ ಅನ್ನೋ ಹಿಗ್ಗುವ ನೂಲು ಜಾಸ್ತಿ ಇರೋದನ್ನು ಬಿಟ್ಟು ಪಾಲಿಯೆಸ್ಟರ್ ತಗೊಂಡರೆ ಬಾಳಿಕೆ ಬರುತ್ತೆ. ಕ್ಲೋರಿನ್ ಲೈಕ್ರಾವನ್ನು ತಿಂದುಹಾಕುತ್ತೆ, ಒಂದು ದಿನ ಬೆಳಕಿಗೆ ಹಿಡಿದು ನೋಡಿದರೆ ಹಿಂಭಾಗ ಸೊಳ್ಳೆಪರದೆ ಆಗಿರುತ್ತೆ.

ಬಿಕಿನಿಯ ಪರವಾಗಿಯೂ ಹೇಳೋದಿದೆ, ಮತ್ತು ಅದನ್ನು ಗಂಡಸರು ಯಾರೂ ಹೇಳೋದಿಲ್ಲ, ಅವರಿಗೆ ಗೊತ್ತೇ ಇಲ್ಲ. ಒದ್ದೆ ಒನ್ ಪೀಸ್ ಹಾಕಿಕೊಂಡು ಟಾಯ್ಲೆಟ್ಟಿಗೆ ಹೋಗಿ ಬರೋದು ಒಂದು ಶಿಕ್ಷೆ. ಭುಜದಿಂದ ಸುತ್ತಿ ಸುತ್ತಿ ಇಳಿಸಬೇಕು, ಆಮೇಲೆ ಮೈಗೆ ಅಂಟಿಕೊಂಡ ಆ ತಣ್ಣನೆಯ ಸುರುಳಿಯನ್ನು ಮೇಲೆಳೆಯಬೇಕು, ಕೆಳಗೆ ನೆಲವೆಲ್ಲ ನೀರು, ಹೊರಗೆ ಮಗಳು "ಅಮ್ಮಾ ಆಯ್ತಾ" ಅಂತ ಬಾಗಿಲು ತಟ್ಟುತ್ತಿರುತ್ತಾಳೆ. ಎರಡು ತುಂಡಿನದ್ದಾದರೆ ಈ ರಗಳೆ ಇಲ್ಲ. ಎದೆಗೊಂದು ಸೈಜು ಸೊಂಟಕ್ಕೊಂದು ಸೈಜು ಇರುವವರಿಗೆ, ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ, ಬೇರೆ ಬೇರೆ ಸೈಜು ಆರಿಸಿಕೊಳ್ಳಬಹುದು. ಮೈ ಉದ್ದ ಇರುವವರಿಗೆ ಒನ್ ಪೀಸ್ ಭುಜ ಕೊಯ್ಯುತ್ತೆ. ಹಾಲುಣಿಸುವ ತಾಯಂದಿರಿಗೂ ಎರಡು ತುಂಡಿನದ್ದೇ ಅನುಕೂಲ. ಕ್ರಾಪ್ ಟಾಪಿನಂಥ ಅಗಲವಾದ ಮೇಲ್ಭಾಗ, ಸೊಂಟಕ್ಕೆ ಲಾಡಿ ಇರುವ ಚಡ್ಡಿ ತಗೊಂಡರೆ ಅದರಲ್ಲಿ ಚೆನ್ನಾಗಿಯೇ ಈಜಬಹುದು. ದಡದಲ್ಲಿ ಕೂತು ಮಕ್ಕಳನ್ನು ನೋಡಿಕೊಂಡು, ಮೊಣಕಾಲು ತನಕ ನೀರಿಗಿಳಿದು ಬರುವವರು ಯಾವ ಬಿಕಿನಿ ಬೇಕಾದರೂ ಹಾಕಲಿ. ಅದು ಹುಟ್ಟಿದ್ದೂ ಹಾಗೇ. 1946ರಲ್ಲಿ ಲೂಯಿ ರೇಆರ್ ಅನ್ನೋ ಫ್ರೆಂಚ್ ವಿನ್ಯಾಸಗಾರ ಅದನ್ನು ಪ್ಯಾರಿಸ್ಸಿನ ಒಂದು ಈಜುಕೊಳದ ದಡದಲ್ಲಿ ಪ್ರದರ್ಶನಕ್ಕಿಟ್ಟಿದ್ದು, ಈಜಿನ ಸ್ಪರ್ಧೆಗಲ್ಲ.

ನನ್ನ ನಿಜವಾದ ಸಿಟ್ಟು ಇರೋದು ಈ ಎರಡರ ಮೇಲೂ ಅಲ್ಲ, ನಮ್ಮೂರಿನ ಫ್ರಾಕ್ ಮಾಡೆಲ್ ಮೇಲೆ. ಬೆಂಗಳೂರಿನ ಅಂಗಡಿಗೆ ಹೋಗಿ ಹೆಣ್ಣುಮಕ್ಕಳ ಸ್ವಿಮ್ಮಿಂಗ್ ಕಾಸ್ಟ್ಯೂಮ್ ತೋರಿಸಿ ಅಂದರೆ ಮೊದಲು ಹೊರಗೆ ಬರೋದು ಅದೇ. ಕೆಳಗೆ ಚಡ್ಡಿ, ಮೇಲೆ ಗೇಣುದ್ದದ ಸ್ಕರ್ಟು, ಅಂಚಿಗೊಂದು ಫ್ರಿಲ್ಲು. "ಮೇಡಂ, ಇದು ಡೀಸೆಂಟಾಗಿರುತ್ತೆ." ನೀರಿಗಿಳಿದ ತಕ್ಷಣ ಆ ಸ್ಕರ್ಟು ಬಿಚ್ಚಿದ ಕೊಡೆ ಹಾಗೆ ಸೊಂಟದ ಸುತ್ತ ಅರಳಿಕೊಂಡು ಮೇಲೇಳುತ್ತೆ. ಮುಚ್ಚಬೇಕಾದ್ದನ್ನು ಮುಚ್ಚೋದಿಲ್ಲ, ಕಾಲು ಬಡಿಯೋಕೂ ಬಿಡೋದಿಲ್ಲ. ನೀರಿನಿಂದ ಹೊರಗೆ ಬಂದಾಗ ಮಾತ್ರ ಅದು ಮಾನ ಕಾಯುತ್ತೆ, ಅಂದರೆ ಅದು ಈಜುವವಳಿಗಾಗಿ ಹೊಲಿದಿದ್ದಲ್ಲ, ಬೆಂಚಿನ ಮೇಲೆ ಕೂತವರಿಗಾಗಿ ಹೊಲಿದಿದ್ದು. ನಾವು ಚಿಕ್ಕವರಿದ್ದಾಗ ನನ್ನ ಜೊತೆ ಈಜು ಕಲಿತ ಹುಡುಗಿಯರಲ್ಲಿ ಎಂಟನೇ ಕ್ಲಾಸು ಮುಟ್ಟೋಷ್ಟರಲ್ಲಿ ಸುಮಾರು ಜನ ಬಿಟ್ಟುಬಿಟ್ಟರು. ಅವರಿಗೆ ಈಜು ಬರುತ್ತಿತ್ತು. ಆ ಕಾಸ್ಟ್ಯೂಮ್ ಹಾಕಿಕೊಂಡು ಬಟ್ಟೆ ಬದಲಿಸುವ ಕೋಣೆಯಿಂದ ನೀರಿನ ತನಕ ನಡೆಯೋದು ಬೇಡವಾಗಿತ್ತು, ಮನೆಯವರಿಗೂ ಅಷ್ಟೇ ಬೇಕಾಗಿತ್ತು. ಹಳ್ಳಿ ಕಡೆ ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಧುಮುಕಿ ಧುಮುಕಿ ಕಲಿತರು, ಅಕ್ಕತಂಗಿಯರು ಮೇಲೆ ನಿಂತು ನೋಡಿದರು.

ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಅಂದುಕೊಂಡಿದ್ದೆ, ಇವರಿಗೆ ಇದೆಲ್ಲ ತಾನಾಗೇ ಬಂದದ್ದು ಅಂತ. ಈ ಊರಿನ ಕಥೆ ಓದಿದರೆ ನಗು ಬರುತ್ತೆ. ಸಿಡ್ನಿಯಲ್ಲಿ ಹಗಲು ಹೊತ್ತು ಸಮುದ್ರಕ್ಕೆ ಇಳಿಯೋದೇ ಕಾನೂನಿಗೆ ವಿರುದ್ಧವಾಗಿತ್ತು. 1902ರಲ್ಲಿ ಮ್ಯಾನ್ಲಿಯ ಪತ್ರಿಕಾ ಸಂಪಾದಕ ವಿಲಿಯಂ ಗೋಚರ್ ಬೇಕಂತಲೇ ನಡುಹಗಲಲ್ಲಿ ನೀರಿಗಿಳಿದು ಅದನ್ನು ಮುರಿದ. ಆಮೇಲೆ 1907ರಲ್ಲಿ ಬಾಂಡೈ ಕಡೆಯ ಕೌನ್ಸಿಲ್ಲಿನವರು, ಅಂದರೆ ನಮ್ಮ ಪುರಸಭೆಯಂಥವರು, ಒಂದು ಯೋಚನೆ ತಂದರು, ಗಂಡಸರೂ ಸೇರಿ ಎಲ್ಲರೂ ಸೊಂಟದಿಂದ ಕೆಳಗೆ ಸ್ಕರ್ಟ್ ಇರುವ ಈಜುಡುಗೆ ಹಾಕಬೇಕು ಅಂತ. ನೋಡಿ, ನಮ್ಮ ಫ್ರಾಕ್ ಮಾಡೆಲ್ಲೇ! ಗಂಡಸರಿಗೆ ಸ್ಕರ್ಟ್ ಅಂದ ಕೂಡಲೇ ಏನಾಗಬಹುದು ಹೇಳಿ. ಅಕ್ಟೋಬರ್ ತಿಂಗಳ ಒಂದು ಭಾನುವಾರ ಬಾಂಡೈ, ಮ್ಯಾನ್ಲಿ, ಕೂಜಿ ಕಡಲತೀರಗಳಲ್ಲಿ ಗಂಡಸರು ಅಕ್ಕತಂಗಿಯರ ಲಂಗ, ಪೆಟಿಕೋಟ್ ಹಾಕಿಕೊಂಡು ಮೆರವಣಿಗೆ ಹೊರಟರು, ಸಾವಿರಾರು ಜನ ನೋಡಿ ನಕ್ಕರು, ಕೌನ್ಸಿಲ್ಲಿನ ಯೋಚನೆ ಅಲ್ಲಿಗೇ ಮುಗಿಯಿತು. ಆ ಸ್ಕರ್ಟ್ ಬರೀ ಹೆಂಗಸರಿಗೆ ಅಂತ ಇದ್ದಿದ್ದರೆ ಇಷ್ಟು ಬೇಗ ಮುಗಿಯುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಗುಮಾನಿಗೆ ಕಾರಣ ಇದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಮೊದಲ ಸಲ ಹೆಂಗಸರಿಗೆ ಈಜು ಸ್ಪರ್ಧೆ ಇತ್ತು. ಸಿಡ್ನಿಯ ಫ್ಯಾನಿ ಡ್ಯೂರಾಕ್ ಮತ್ತು ಮೀನಾ ವೈಲಿ ಇಬ್ಬರೂ ಗಟ್ಟಿ ಈಜುಗಾರ್ತಿಯರು. ಆದರೆ ಇಲ್ಲಿನ ಹೆಂಗಸರ ಈಜು ಸಂಘದ ನಿಯಮ ಏನಪ್ಪಾ ಅಂದರೆ, ಗಂಡಸರು ನೋಡುವ ಕಡೆ ಸದಸ್ಯೆಯರು ಸ್ಪರ್ಧೆಗೆ ಇಳಿಯಬಾರದು. ದೊಡ್ಡ ಗಲಾಟೆ ಆಗಿ ನಿಯಮ ಬದಲಾಗಿ, ಇಬ್ಬರೂ ಹೋಗಿ, 100 ಮೀಟರ್ ಫ್ರೀಸ್ಟೈಲಿನಲ್ಲಿ ಫ್ಯಾನಿಗೆ ಚಿನ್ನ, ಮೀನಾಗೆ ಬೆಳ್ಳಿ ಬಂತು. "ನಮ್ಮ ಹುಡುಗಿಯರನ್ನು ಗಂಡಸರು ನೋಡ್ತಾರಲ್ಲ" ಅನ್ನೋ ಮಾತು ನಮ್ಮ ಜಗಲಿಕಟ್ಟೆಯ ಸೊತ್ತೇನಲ್ಲ ಅಂತ ಆಯ್ತು. ಅಷ್ಟಾದರೂ 1935ರಲ್ಲಿ ಇಲ್ಲಿನ ಸರ್ಕಾರ ಈಜುಡುಗೆಯ ಕಾಲು ಕನಿಷ್ಠ 3 ಇಂಚು ಇರಬೇಕು ಅಂತ ನಿಯಮ ಮಾಡಿತು. ಬಾಂಡೈನಲ್ಲಿ ಬೀಚ್ ಇನ್ಸ್‌ಪೆಕ್ಟರುಗಳು ಬಿಕಿನಿ ಹಾಕಿದವರನ್ನು ದಡದಿಂದ ಎಬ್ಬಿಸಿ ಕಳಿಸುತ್ತಿದ್ದರು. 1961ರಲ್ಲಿ ಅದು ಅತಿರೇಕಕ್ಕೆ ಹೋಗಿ, ಕೊನೆಗೆ ಇಂಚಿನ ಲೆಕ್ಕ ಬಿಟ್ಟು "ತಕ್ಕಮಟ್ಟಿನ ಉಡುಪು" ಅಂತ ಬರೆದು ಕೈತೊಳೆದುಕೊಂಡರು. ಇತ್ತ ಇದೇ ಸಿಡ್ನಿಯ ಅಹೆದಾ ಜನೆಟ್ಟಿ ಅನ್ನೋ ವಿನ್ಯಾಸಗಾರ್ತಿ ಮುಸ್ಲಿಂ ಹೆಣ್ಣುಮಕ್ಕಳಿಗೆ ಅಂತ ಮೈತುಂಬ ಮುಚ್ಚುವ ಬುರ್ಕಿನಿ ಮಾಡಿದರು. 2016ರಲ್ಲಿ ಫ್ರಾನ್ಸಿನ ಹಲವು ಕಡಲೂರುಗಳು ಅದನ್ನು ನಿಷೇಧಿಸಿದವು. ಕಡಿಮೆ ಆಯ್ತು ಅಂತ ಒಂದು ಕಡೆ ಎಬ್ಬಿಸಿದರು, ಜಾಸ್ತಿ ಆಯ್ತು ಅಂತ ಇನ್ನೊಂದು ಕಡೆ. ಎಬ್ಬಿಸಿಕೊಂಡವಳು ಮಾತ್ರ ಹೆಂಗಸೇ.

ಈಗ ಇಲ್ಲಿ ಏನು ನಡೆಯುತ್ತೆ ಅಂದರೆ, ಬಟ್ಟೆ ಬಗ್ಗೆ ಯಾರಾದರೂ ಬಾಯಿ ಹಾಕೋದಾದರೆ ಅದು ಬಿಸಿಲಿನ ವಿಷಯಕ್ಕೆ. 1981ರಿಂದ ಇವರು ಅಂಗಿ ತೊಡಿ, ಕ್ರೀಮ್ ಹಚ್ಚಿ, ಟೋಪಿ ಹಾಕಿ ಅಂತ ಕಡಲಹಕ್ಕಿಯ ಕಾರ್ಟೂನ್ ಇಟ್ಟುಕೊಂಡು ಹೇಳುತ್ತಲೇ ಇದ್ದಾರೆ, ಚರ್ಮದ ಕ್ಯಾನ್ಸರ್ ಇಲ್ಲಿ ಅಷ್ಟು ಜಾಸ್ತಿ. ಹಾಗಾಗಿ ಮಕ್ಕಳೆಲ್ಲ ರ‍್ಯಾಶಿ ಅಂತ ತುಂಬುತೋಳಿನ ಬಿಗಿ ಅಂಗಿಯಲ್ಲೇ ನೀರಿಗಿಳಿಯೋದು, ಗಂಡುಮಕ್ಕಳೂ ಸೇರಿ. ಅಮ್ಮ ಬಂದಿದ್ದಾಗ ರಜೆಯಲ್ಲಿ ನಮ್ಮ ಕೌನ್ಸಿಲ್ ಈಜುಕೊಳಕ್ಕೆ ಕರಕೊಂಡು ಹೋಗಿದ್ದೆ. ಬೆಂಚಿನ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂತು, ಅಷ್ಟೂ ಮಕ್ಕಳನ್ನು ನೋಡಿ, ತುಂಬ ಸಂತೋಷದಿಂದ "ಇಲ್ಲಿಯೋರೂ ಮಕ್ಕಳಿಗೆ ಎಷ್ಟು ಮರ್ಯಾದೆಯಾಗಿ ಹಾಕಿಸಿದ್ದಾರೆ ನೋಡೆ" ಅಂದರು. ಅಮ್ಮಾ ಅದು ಬಿಸಿಲಿಗೆ ಅಂದೆ. "ಯಾವುದಕ್ಕಾದರೇನು, ಹಾಕಿಸಿದ್ದಾರಲ್ಲ." ಸ್ವಲ್ಪ ಹೊತ್ತು ಬಿಟ್ಟು, ಆ ಮಕ್ಕಳ ತಾಯಂದಿರು ಬಿಕಿನಿಯಲ್ಲಿ ಮಲಗಿದ್ದನ್ನು ನೋಡಿ ಕೇಳಿದರು, "ಇವರಿಗೆ ಬಿಸಿಲು ತಾಗಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ನಾನಂತೂ ಬೇಸಿಗೆಯ ಸಮುದ್ರಕ್ಕೆ ಒನ್ ಪೀಸಿನ ಮೇಲೆ ರ‍್ಯಾಶಿ ಹಾಕಿಯೇ ಇಳಿಯುತ್ತೇನೆ. ಊರಲ್ಲಿ "ಕಪ್ಪಾಗ್ತೀಯ, ನೆರಳಿಗೆ ಬಾ" ಅಂತ ಕರೆಯುತ್ತಿದ್ದವರು ಕಾರಣ ತಪ್ಪು ಹೇಳಿದರೂ ಕರೆದಿದ್ದು ಸರಿಯಾದ ಕಡೆಗೇ.

ಎಲ್ಲ ತರಹದ ಬಟ್ಟೆ ಒಟ್ಟಿಗೆ ನೋಡಬೇಕು ಅಂದರೆ ಕೂಜಿಯಲ್ಲಿರುವ ಮ್ಯಾಕೈವರ್ಸ್ ಲೇಡೀಸ್ ಬಾತ್ಸಿಗೆ ಹೋಗಬೇಕು. ಬಂಡೆಗಳ ನಡುವೆ ಸಮುದ್ರದ ನೀರೇ ತುಂಬುವ ಕೊಳ, 1886ರಿಂದ ಇದೆ, ಹೆಂಗಸರು ಮತ್ತು ಸಣ್ಣ ಮಕ್ಕಳಿಗೆ ಮಾತ್ರ. ತಾರತಮ್ಯ ಅಂತ ದೂರು ಹೋದಾಗ 1995ರಲ್ಲಿ ಅದಕ್ಕೆ ಕಾನೂನಿನಿಂದಲೇ ವಿನಾಯಿತಿ ಸಿಕ್ಕಿತು. ಪಡುವಣ ಸಿಡ್ನಿಯ ನಮ್ಮ ಮನೆಯಿಂದ ಅಲ್ಲಿಗೆ ಹೋಗೋಕೆ ಗಂಟೆ ಮೇಲಾಗುತ್ತೆ, ಆದರೂ ಹೋಗುತ್ತೇನೆ. ಅಲ್ಲಿ ಬುರ್ಕಿನಿಯಲ್ಲಿ ಈಜುವವರಿದ್ದಾರೆ, ಬಂಡೆ ಮೇಲೆ ಟಾಪ್ ಇಲ್ಲದೇ ಮಲಗಿದ ಅಜ್ಜಿಯರಿದ್ದಾರೆ, ಹೊಟ್ಟೆಯ ಮೇಲೆ ಸಿಸೇರಿಯನ್ ಗುರುತು ಇರುವವರು ಬಿಕಿನಿಯಲ್ಲಿದ್ದಾರೆ. ಗಂಡಸರು ಯಾರೂ ಇಲ್ಲದ ಕಡೆ ಹೆಂಗಸರು ಏನು ಹಾಕುತ್ತಾರೆ ಅಂತ ಕೇಳಿದರೆ ಒಂದೇ ಉತ್ತರ ಸಿಗೋದಿಲ್ಲ. ಆದರೆ ನಾನು ಅಲ್ಲಿ ಗಮನಿಸಿದ್ದು ಇಷ್ಟು: ಏಣಿ ಇಳಿದು ಆ ಕೊರೆಯುವ ನೀರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿಡದೇ ಈಜುವ ವಯಸ್ಸಾದ ಹೆಂಗಸರು ಮೈಗಂಟಿದ, ಬಣ್ಣ ಮಾಸಿದ ಒನ್ ಪೀಸಿನಲ್ಲೇ ಇರುತ್ತಾರೆ.

ನಮ್ಮ ಕಡಲಿಗೆ ಬನ್ನಿ. ಗೋಕರ್ಣ, ಮಲ್ಪೆ, ಮುರುಡೇಶ್ವರ, ಎಲ್ಲಿ ನೋಡಿದರೂ ಹೆಂಗಸರು ಚೂಡಿದಾರದಲ್ಲೋ ಸೀರೆಯಲ್ಲೋ ನೀರಿಗಿಳಿಯುತ್ತಾರೆ. ನನಗೆ ಅದರಲ್ಲಿ ಮರ್ಯಾದೆಗಿಂತ ಭಯ ಜಾಸ್ತಿ ಕಾಣುತ್ತೆ. ಒದ್ದೆಯಾದ ಹತ್ತಿ ಬಟ್ಟೆ ಎಷ್ಟು ಭಾರ ಅಂತ ಬೆಡ್‌ಶೀಟ್ ಒಗೆದವರಿಗೆಲ್ಲ ಗೊತ್ತು. ಅಲೆ ಹಿಂದಕ್ಕೆ ಎಳೆಯುವಾಗ ಆ ಭಾರ ಕಾಲಿಗೆ ಸುತ್ತಿಕೊಳ್ಳುತ್ತೆ, ವೇಲ್ ಕುತ್ತಿಗೆಗೆ. ಮರ್ಯಾದೆಗೇ ಬೇಕು ಅಂದರೂ ಲೆಗ್ಗಿಂಗ್ಸಿನಂಥ ಬಿಗಿ ನೈಲಾನ್ ಪ್ಯಾಂಟು, ತುಂಬುತೋಳಿನ ರ‍್ಯಾಶಿ ಹಾಕಬಹುದಲ್ವಾ? ಸಿಡ್ನಿಗೆ ಬಂದ ನಮ್ಮವರು ಇಲ್ಲೂ ಜೀನ್ಸ್ ಮಡಚಿಕೊಂಡು ನೀರಿಗೆ ಇಳಿಯುತ್ತಾರೆ, ಅದೂ ಜೀವರಕ್ಷಕರು ಕಾಯುವ ಜಾಗಕ್ಕೆ ನೆಟ್ಟ ಕೆಂಪು ಹಳದಿ ಬಾವುಟದ ಹೊರಗೆ. ಅವರನ್ನು ನೋಡಿದಾಗೆಲ್ಲ ನನ್ನ ಎದೆ ಧಸಕ್ಕೆನ್ನುತ್ತೆ.

ಇನ್ನೊಂದು ಮಾತು ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ. ನಿಮ್ಮೂರಿನ ನಿಶಾ ಮಿಲ್ಲೆಟ್ 2000ದಲ್ಲಿ ಇದೇ ಸಿಡ್ನಿಗೆ ಒಲಿಂಪಿಕ್ಸಿಗೆ ಬಂದು 200 ಮೀಟರ್ ಫ್ರೀಸ್ಟೈಲ್ ಈಜಿದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ 200 ಮೀಟರ್ ಈಜಿದ ಧಿನಿಧಿ ದೇಸಿಂಘುಗೆ 14 ವರ್ಷ. ನಿಮ್ಮ ಮಗಳು "ನಾಳೆಯಿಂದ ಹೋಗಲ್ಲ" ಅನ್ನೋ ವಯಸ್ಸು. 2010ರಿಂದ ಅಂತರರಾಷ್ಟ್ರೀಯ ಈಜುಕೊಳದ ನಿಯಮ ಹೆಂಗಸರ ಉಡುಪು ಭುಜ ದಾಟಬಾರದು, ಮೊಣಕಾಲಿನಿಂದ ಕೆಳಗೆ ಬರಬಾರದು ಅನ್ನುತ್ತೆ, ಅಂದರೆ ಜಾಸ್ತಿ ಮುಚ್ಚಬೇಡಿ ಅನ್ನುತ್ತೆ. ಆ ಮಿತಿಯ ತನಕ ಮುಚ್ಚಿಕೊಂಡೇ ಅವರೆಲ್ಲ ಸ್ಪರ್ಧೆಗೆ ನಿಲ್ಲೋದು, ಮರ್ಯಾದೆಗಲ್ಲ, ಬಿಗಿ ಬಟ್ಟೆ ನೀರಲ್ಲಿ ಸಲೀಸು ಅಂತ. ಮೊಣಕಾಲುದ್ದದ ಅಂಥ ಒನ್ ಪೀಸ್ ಈಗ ಬೆಂಗಳೂರಲ್ಲೂ ಸಿಗುತ್ತೆ. ಫ್ರಾಕ್ ಮಾಡೆಲ್ ಬಿಟ್ಟು ಅದನ್ನು ಕೊಡಿಸಿ, ಅಜ್ಜಿಗೂ ಸಮಾಧಾನ, ಮಗಳ ಕಾಲಿಗೂ ಸಮಾಧಾನ.

ಮತ್ತೆ ಅಪಾರ್ಟ್‌ಮೆಂಟ್ ಕಮಿಟಿಯವರು. ಹೋದ ಸಲ ಊರಿಗೆ ಬಂದಾಗ ಒಂದು ಈಜುಕೊಳದ ಬೋರ್ಡ್ ನೋಡಿದೆ, "ಮಹಿಳೆಯರು ಸಭ್ಯ ಉಡುಪು ಧರಿಸತಕ್ಕದ್ದು." ಅದರ ಕೆಳಗೇ ಒಬ್ಬರು ಅಂಕಲ್ ಹತ್ತಿ ಬನಿಯನ್ನು, ಕಾಟನ್ ಬರ್ಮುಡಾದಲ್ಲಿ ಸ್ನಾನ ಕೂಡ ಮಾಡದೇ ಇಳಿಯುತ್ತಿದ್ದರು. ಕೊಳ ಹಾಳಾಗೋದು ಅದರಿಂದ. ಹತ್ತಿ ನೂಲು ಫಿಲ್ಟರಿಗೆ ಹೋಗಿ ಸಿಕ್ಕಿಕೊಳ್ಳುತ್ತೆ, ಬಣ್ಣ ಬಿಡುತ್ತೆ, ಬೆವರಿಗೆ ಕ್ಲೋರಿನ್ ಖರ್ಚಾಗುತ್ತೆ. ಬೋರ್ಡ್ ಬರೆಸೋದೇ ಆದರೆ ಹೀಗೆ ಬರೆಸಿ: ಸ್ನಾನ ಮಾಡಿ ಇಳಿಯಿರಿ, ಹತ್ತಿ ಬಟ್ಟೆ ಬೇಡ. ಅಂಕಲ್ಲಿಗೂ ಅನ್ವಯಿಸುತ್ತೆ ಅಂತ ಬೇಕಾದರೆ ಕೆಳಗೆ ಸೇರಿಸಿ.