ಬಿಸಿಯೂಟಕ್ಕೊಂದು ಸರಳ ರೇಖೆ

ರಾಯಚೂರಿನ ಯಾವುದೋ ಕಚೇರಿಯಲ್ಲಿ ಇಂಥದ್ದೊಂದು ಸಭೆ ನಡೆಯಿತು ಅಂತಿಟ್ಟುಕೊಳ್ಳಿ. ನಡೆದೇ ಇಲ್ಲ ಅಂತ ಆಣೆ ಮಾಡೋ ಧೈರ್ಯ ಯಾರಿಗಿದೆ? ಬೆಂಗಳೂರಿನಿಂದ ಸಲಹೆಗಾರರು ಬಂದಿದ್ದಾರೆ. ಗೋಡೆ ಮೇಲೆ ಎರಡು ಚುಕ್ಕಿ, ಅವನ್ನು ಸೇರಿಸುವ ಒಂದು ಗೆರೆ.

ಒಂದು ಚುಕ್ಕಿ 20 ಮಕ್ಕಳ ಶಾಲೆ. ಬಿಸಿಯೂಟಕ್ಕೆ ದಿನಕ್ಕೆ 400 ರೂಪಾಯಿ, ಅಂದರೆ ತಲೆಗೆ 20. ಇನ್ನೊಂದು 200 ಮಕ್ಕಳ ಶಾಲೆ. 2,200 ರೂಪಾಯಿ, ತಲೆಗೆ 11. ರಿಗ್ರೆಷನ್, ಅಂದರೆ ಚುಕ್ಕಿಗಳಿಗೆ ಹೊಂದೋ ಗೆರೆ ಎಳೆಯೋ ಲೆಕ್ಕ, ಹೇಳಿತು: ಒಲೆ ಹಚ್ಚಿದ ತಪ್ಪಿಗೆ 200, ಆಮೇಲೆ ಮಗುವಿಗೆ 10. ಹಾಗಾಗಿ ಲಕ್ಷ ಮಕ್ಕಳಿಗೆ ಒಂದೇ ಅಡುಗೆಮನೆ ಕಟ್ಟಿದರೆ ತಲೆಗೆ 10 ರೂಪಾಯಿ, ಮೇಲೆ ಪೈಸೆಯ ಐದನೇ ಒಂದು ಭಾಗ.

"ಆರ್-ಸ್ಕ್ವೇರ್ ಎಷ್ಟು ಬಂತು ಸರ್?" ಅಂತ ಒಬ್ಬರು ಕೇಳಿದರು. ಗೆರೆ ಚುಕ್ಕಿಗಳಿಗೆ ಎಷ್ಟು ಹೊಂದಿತು ಅನ್ನೋದಕ್ಕೆ ಕೊಡೋ ಅಂಕ ಅದು, ಒಂದು ಬಂದರೆ ಪೂರ್ತಿ ಹೊಂದಿತು ಅಂತ.

"ಒಂದು. ಪೂರ್ತಿ ಒಂದು."

ಚಪ್ಪಾಳೆ. ಇರೋದೇ ಎರಡು ಚುಕ್ಕಿ, ಗೆರೆ ಅವುಗಳ ಮೇಲೆ ಹಾಯದೆ ಇನ್ನೆಲ್ಲಿ ಹೋಗಬೇಕು ಪಾಪ!

ಲೆಕ್ಕದ ವಿದ್ಯೆ ಸುಳ್ಳಲ್ಲ, ಬಿಡಿ. 1963ರಲ್ಲಿ ಮಾರ್ಕ್ ನರ್ಲೋವ್ ಅನ್ನೋ ಅರ್ಥಶಾಸ್ತ್ರಜ್ಞ ಅಮೆರಿಕದ 145 ವಿದ್ಯುತ್ ಕಂಪನಿಗಳ 1955ರ ಖರ್ಚು ಹಿಡಿದು ಇದನ್ನೇ ಮಾಡಿದ. ದೊಡ್ಡದಾದಷ್ಟು ಯೂನಿಟ್ಟಿನ ಖರ್ಚು ಇಳಿಯುತ್ತೆ ಅಂತ ಕಂಡಿತು. ಆದರೆ ಆ ಲಾಭ ಸಣ್ಣ ಕಂಪನಿಗಳಿಗೆ ಜಾಸ್ತಿ, ದೊಡ್ಡವಕ್ಕೆ ಕಡಿಮೆ. 1976ರಲ್ಲಿ ಕ್ರಿಸ್ಟೆನ್ಸನ್ ಮತ್ತು ಗ್ರೀನ್ 1970ರ ಲೆಕ್ಕ ತೆಗೆದು ನೋಡಿದರೆ, ದೊಡ್ಡ ಕಂಪನಿಗಳ ಹತ್ತಿರ ಗೆರೆ ಇಳಿಯೋದನ್ನೇ ನಿಲ್ಲಿಸಿ ಮಲಗಿತ್ತು. ನಮ್ಮ ಸಲಹೆಗಾರರ ಗೆರೆಗೆ ಮಾತ್ರ ದಣಿವಿಲ್ಲ. 200 ಮಕ್ಕಳ ಆಚೆ ಒಂದು ಚುಕ್ಕಿಯೂ ಇಲ್ಲದ ಬಯಲಲ್ಲಿ ಲಕ್ಷದವರೆಗೆ ಒಬ್ಬಂಟಿಯಾಗಿ ನಡೆದಿದೆ.

ಇನ್ನೊಂದು ಮಾತು. ನರ್ಲೋವ್ ಲೆಕ್ಕ ಹಾಕಿದ್ದು ಕರೆಂಟಿಗೆ. ಶಕ್ತಿನಗರದಿಂದ ಹೊರಟ ಕರೆಂಟು ತಂತಿಯಲ್ಲಿ ಒಂದಿಷ್ಟು ಸೋರಬಹುದು, ತಣ್ಣಗಂತೂ ಆಗಲ್ಲ. ಸಾಂಬಾರು ಹಾಗಲ್ವಲ್ಲ! ರಾಯಚೂರಿನಲ್ಲಿ ಹೊರಟು ಲಿಂಗಸುಗೂರು ಮುಟ್ಟೋ ಹೊತ್ತಿಗೆ ತಗ್ಗು ದಿಣ್ಣೆಗಳಿಗೆಲ್ಲ ಒಂದೊಂದು ಸೌಟು ಬಡಿಸಿಕೊಂಡೇ ಬರುತ್ತೆ.

ಮೂಲೆಯಲ್ಲಿ ಕೂತಿದ್ದ ಹೆಡ್ ಮಾಸ್ತರರು ಮೆಲ್ಲಗೆ ಕೇಳಿದರು: "ಸರ್, ಗಾಡಿ ಡೀಸೆಲ್ಲು?"

"ಅದು ಬೇರೆ ಹೆಡ್ಡಿನಲ್ಲಿ ಬರುತ್ತೆ."

"ಅಡುಗೆಯವರು?"

"ಅದು ಸಾಮಾಜಿಕ ಪರಿಣಾಮ. ಬೇರೆ ವರದಿ ಕೊಡ್ತೀವಿ."

"ಬಿಸಿ?"

ಸಲಹೆಗಾರರು ಸಮೀಕರಣ ನೋಡಿದರು. ಅದರಲ್ಲಿ ಮಕ್ಕಳ ಸಂಖ್ಯೆ ಇತ್ತು, ಅಕ್ಕಿ, ಬೇಳೆ, ಗ್ಯಾಸ್ ಇತ್ತು. ಬಿಸಿ ಇರಲಿಲ್ಲ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಜನ ಅದನ್ನು ಬಿಸಿಯೂಟ ಅಂತ ಕರೆದದ್ದು ಸುಮ್ನೆ ಅಲ್ಲ. ಸಲಹೆಗಾರರು ಮಾತ್ರ, "ಇಲ್ಲಿನ ಬಿಸಿಲು ನೋಡಿದರೆ ಅದೇನು ಸಮಸ್ಯೆ ಆಗಲಿಕ್ಕಿಲ್ಲ" ಅಂದರು.

ಅಷ್ಟರಲ್ಲಿ ಸಭೆಗೆ ಚಹಾ ಬಂತು. ಉಳಿತಾಯ ಅಂತ ಎಲ್ಲ ಕಚೇರಿಗಳಿಗೂ ಒಂದೇ ಹೋಟೆಲಿಗೆ ಆರ್ಡರ್ ಕೊಟ್ಟಿದ್ದರು. ಕಪ್ಪಿನ ಮೇಲೆ ಕೆನೆ ಕಟ್ಟಿತ್ತು. ಸಲಹೆಗಾರರು ಒಂದು ಗುಟುಕು ಕುಡಿದು, ಮುಖ ಕಿವಿಚಿ, ಕಪ್ಪು ಪಕ್ಕಕ್ಕಿಟ್ಟರು.

ಸಭೆ ಮುಗಿದ ಮೇಲೆ ನೋಡಿದರೆ ಅವರು ಗೇಟಿನಾಚೆ ತಳ್ಳುಗಾಡಿ ಮುಂದೆ ನಿಂತಿದ್ದರು. ತಟ್ಟೆಯಲ್ಲಿ ಬೆಳಗ್ಗೆಯೇ ಕರಿದ ಮಿರ್ಚಿ ಗುಡ್ಡೆ ಬಿದ್ದಿತ್ತು. ಅದರ ಕಡೆ ಅವರು ಕಣ್ಣೂ ಹಾಯಿಸಲಿಲ್ಲ.

"ಅದು ಬೇಡ. ನನಗೆ ನಾಲ್ಕೇ ನಾಲ್ಕು, ಬಿಸಿ ಬಿಸಿ ಹಾಕಿಕೊಡಿ."

"ಎಣ್ಣಿ ಕಾಯ್ಲಿ ತಡೀರಿ ಸರ" ಅಂದ ಗಾಡಿಯವ, ಸ್ಟೋವಿಗೆ ಪಂಪು ಹೊಡೆಯುತ್ತಾ.