ನೋಡದೇ ಹೇಳಿಬಿಟ್ಟ ಮಾತು

ಕಳೆದ ಭಾನುವಾರ ಬಸವನಗುಡಿಯ ದೊಡ್ಡಪ್ಪನ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆವು. "ದೊಡ್ಡಪ್ಪ, ಎಲ್ಲರೂ 'ಮಹಾವತಾರ ನರಸಿಂಹ' ನೋಡೋಕೆ ಹೋಗೋಣವಾ?" ಅಂದೆ.

"ಅದು ಕಾರ್ಟೂನ್ ಕಣೋ. ಗೊಂಬೆ ಮುಖದಲ್ಲಿ ಏನು ಭಾವನೆ ಬರುತ್ತೆ? ಅಣ್ಣಾವ್ರು ಹಿರಣ್ಯಕಶಿಪು ಮಾಡಿದ ಮೇಲೆ ಇನ್ನೇನು ಉಳಿದಿದೆ?"

2025ರ ಜುಲೈ 25ಕ್ಕೆ ತೆರೆಗೆ ಬಂದ ಸಿನಿಮಾ ಅದು. ದೊಡ್ಡಪ್ಪ ನೋಡಿದ್ದು ಮೊಬೈಲಲ್ಲಿ ಅರ್ಧ ಟ್ರೇಲರ್. ಸಂಜೆಯೊಳಗೆ ಅದೇ ಮಾತು ಫ್ಯಾಮಿಲಿ ಗ್ರೂಪಿನಲ್ಲಿ ವಿಮರ್ಶೆಯಾಗಿ ಬಂತು. ಟಿಕೆಟ್ ಬುಕ್ ಮಾಡಬೇಕು ಅಂತಿದ್ದ ಎರಡು ಮನೆಯವರು ಸುಮ್ಮನಾಗಿಬಿಟ್ಟರು.

1983ರ 'ಭಕ್ತ ಪ್ರಹ್ಲಾದ' ಅಂದರೆ ನನಗೂ ಪ್ರಾಣ. ರಾಜ್‌ಕುಮಾರ್ ಅಬ್ಬರ, ಎದುರಿಗೆ ಪುಟ್ಟ ಪುನೀತ್. ಟಿವಿಯಲ್ಲಿ ಬಂದಾಗಲೆಲ್ಲ ಕೂತು ನೋಡುತ್ತೇನೆ. ಆದರೆ ಇದೇ ಕಥೆಯನ್ನು ಹರಿಕಥೆಯಲ್ಲೂ ಕೇಳಿದ್ದೇವೆ, ಯಕ್ಷಗಾನದಲ್ಲೂ ನೋಡಿದ್ದೇವೆ. ದಾಸರು ತಾಳ ಹಿಡಿದು ಶುರು ಮಾಡಿದಾಗ "ಗೊತ್ತಿರೋ ಕಥೆ, ಬಿಡಿ" ಅಂತ ಯಾರೂ ಎದ್ದು ಹೋಗಲಿಲ್ಲ ಅಲ್ವಾ?

ನನಗೆ ಜಾಸ್ತಿ ನೋವಾಗಿದ್ದು ಆ ಗೊಂಬೆ ಮುಖದ ಮಾತಿಗೆ. ನನ್ನ ತಂಗಿ, ಚಿಕ್ಕಮ್ಮನ ಮಗಳು, ಇಲ್ಲೇ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾಳೆ. ಒಮ್ಮೆ ಅವಳ ಪಕ್ಕ ಕೂತು ನೋಡಿದೆ. ಒಬ್ಬ ಹುಡುಗಿ ನೀರು ಕುಡಿಯುವ ದೃಶ್ಯ, ನಾಲ್ಕೇ ಸೆಕೆಂಡು. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಒಟ್ಟು 96 ಫ್ರೇಮ್. ತಂಗಿ ಮೇಜಿನ ಮೇಲೆ ಚಿಕ್ಕ ಕನ್ನಡಿ ಇಟ್ಟುಕೊಂಡಿದ್ದಳು. ಲೋಟ ಎತ್ತಿ ತಾನೇ ನೀರು ಕುಡಿಯುತ್ತಿದ್ದಳು, ಗಂಟಲು ಎಲ್ಲಿ ಏರುತ್ತೆ, ರೆಪ್ಪೆ ಯಾವಾಗ ಇಳಿಯುತ್ತೆ ಅಂತ ನೋಡುತ್ತಿದ್ದಳು, ಮತ್ತೆ ಪರದೆಗೆ ತಿರುಗುತ್ತಿದ್ದಳು. ಆ ನಾಲ್ಕು ಸೆಕೆಂಡಿಗೆ ಒಂದು ವಾರ ಹಿಡಿಯಿತು. ಆ ಮುಖದ ಭಾವನೆ ಅವಳ ಮುಖದಿಂದಲೇ ಬಂದಿದ್ದು.

2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಸಿನಿಮಾ 'ಫ್ಲೋ' ನೋಡಿ. ಅದರಲ್ಲಿ ಒಂದೇ ಒಂದು ಮಾತಿಲ್ಲ. ನೀರು ಏರುತ್ತಿದೆ, ಒಂದು ಬೆಕ್ಕು ಹೆದರಿ ಮೇಲೆ ಮೇಲೆ ಹತ್ತುತ್ತಿದೆ. ಮಾಡಿದ್ದು ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ. ನಮ್ಮ ಅಜ್ಜಿ ಅದನ್ನು ನೋಡುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನರಸಿಂಹನನ್ನು ನಾನೂ ಇನ್ನೂ ನೋಡಿಲ್ಲ. ಅದಕ್ಕೇ ಚೆನ್ನಾಗಿದೆ ಅಂತಲೂ ಹೇಳುವುದಿಲ್ಲ. ಗ್ರೂಪಿನ ಮೆಸೇಜ್ ಓದಿ ತಂಗಿ ಫೋನ್ ಮಾಡಿದ್ದಳು. "ಅಣ್ಣಾ, ದೊಡ್ಡಪ್ಪ ಸಿನಿಮಾ ನೋಡಿದ್ರಾ?" ಅಂತಷ್ಟೇ ಕೇಳಿದಳು.

ಶನಿವಾರದ ಮ್ಯಾಟಿನಿಗೆ ಮೂರು ಟಿಕೆಟ್ ತೆಗೆದಿದ್ದೇನೆ. ದೊಡ್ಡಪ್ಪ ಬರುತ್ತೇನೆ ಅಂದಿದ್ದಾರೆ. ತಂಗಿಯ ಪಕ್ಕದ ಸೀಟು ಅವರಿಗೆ. ನೋಡಿದ ಮೇಲೆ ಎಷ್ಟು ಬೇಕಾದರೂ ಬೈಯಲಿ, ಅವಳೂ ಕೇಳಿಸಿಕೊಳ್ಳುತ್ತಾಳೆ.